ಸೈಟು ಮಾರುವವರ ವೆಬ್‌ಸೈಟಿನಿಂದ ಫೋನ್ ಬರದಿದ್ದರೆ: ದೋಷ ಹುಡುಕುವ ಕ್ರಮ

"ಅಷ್ಟು ದುಡ್ಡು ಸುರಿದು ಮಾಡಿಸಿದ್ವಿ ಸಾರ್, ವಾರಕ್ಕೊಂದು ಫೋನೂ ಬರ್ತಿಲ್ಲ. ಡಿಸೈನೇ ಸರಿ ಇಲ್ಲ ಅನ್ಸುತ್ತೆ, ಬೇರೆ ಮಾಡ್ಕೊಡಿ." ಮೈಸೂರಿನ ಬೋಗಾದಿ ರಸ್ತೆಯಿಂದ ಹಿಡಿದು ಬನ್ನೂರು ರಸ್ತೆವರೆಗೆ ಬಡಾವಣೆ ಮಾಡಿ ಸೈಟು ಮಾರುವವರು ನನ್ನ ಹತ್ತಿರ ಬಂದರೆ ಹೆಚ್ಚುಕಡಿಮೆ ಇದೇ ಮಾತು. ನಾನು ತಕ್ಷಣ ಡಿಸೈನಿಗೆ ಕೈ ಹಾಕುವುದಿಲ್ಲ. ದೋಷ ಎಲ್ಲಿದೆ ಎಂದು ಗೊತ್ತಾಗದೆ ಬಣ್ಣ ಬದಲಿಸಿದರೆ ಅದೇ ದೋಷ ಹೊಸ ಬಣ್ಣ ಬಳಿದುಕೊಂಡು ಕೂತಿರುತ್ತದೆ, ನಿಮ್ಮ ದುಡ್ಡು ಇನ್ನೊಂದು ಸಲ ಹೋಗಿರುತ್ತದೆ.

ಕೊಳ್ಳುವವರು ಬರುವ ದಾರಿ ಹೀಗಿದೆ. ಗೂಗಲ್‌ನಲ್ಲೋ ಫೇಸ್‌ಬುಕ್ ಜಾಹೀರಾತಿನಲ್ಲೋ ನೀವು ಕಣ್ಣಿಗೆ ಬೀಳಬೇಕು. ಒತ್ತಿದರೆ ಪುಟ ತೆರೆಯಬೇಕು. ಓದಿದ್ದು ತಿಳಿಯಬೇಕು, ನಂಬಿಕೆ ಹುಟ್ಟಬೇಕು, ಆಮೇಲೆ ನಿಮ್ಮ ಫೋನ್ ಹೊಡೆದುಕೊಳ್ಳಬೇಕು. ಪರೀಕ್ಷೆಯನ್ನು ಮಾತ್ರ ಕೊನೆಯಿಂದ ಶುರು ಮಾಡಿ. ಕೊನೆಯ ಕೊಂಡಿ ಕಳಚಿದ್ದರೆ ಅದಕ್ಕಿಂತ ಮುಂಚಿನದನ್ನೆಲ್ಲ ಎಷ್ಟು ಚೆಂದ ಮಾಡಿದರೂ ದಂಡ. ಅದೂ ಅಲ್ಲದೆ ಕೊನೆಯ ಕೊಂಡಿಯನ್ನು ನೋಡಲು ಯಾವ ಎಂಜಿನಿಯರೂ ಬೇಡ, ಒಂದು ಫೋನ್ ಸಾಕು.

ಇದು ದೋಷವೇ, ಆಷಾಢವೇ?

ಶುರು ಮಾಡುವ ಮುಂಚೆ ಪಂಚಾಂಗ ನೋಡಿ. ಆಷಾಢದಲ್ಲಿ ಮೈಸೂರಿನವರು ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ, ಸೈಟಿಗೆ ಅಡ್ವಾನ್ಸ್ ಕೊಡಲು ಮುಂದೆ ಬರುವವರು ಕಡಿಮೆ. ಪಿತೃಪಕ್ಷದಲ್ಲೂ ಅಷ್ಟೇ. ಈ ದಿನಗಳಲ್ಲಿ ವಿಚಾರಣೆ ಇಳಿದರೆ ಅದು ವೆಬ್‌ಸೈಟಿನ ತಪ್ಪಲ್ಲ. ಹೋಲಿಸುವಾಗಲೂ ಎಚ್ಚರ ಬೇಕು: ಆಷಾಢ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ, ಹಾಗಾಗಿ ಕಳೆದ ಜುಲೈಗೂ ಈ ಜುಲೈಗೂ ತಾಳೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಆಷಾಢಕ್ಕೆ ಆಷಾಢ, ಶ್ರಾವಣಕ್ಕೆ ಶ್ರಾವಣ ಹೋಲಿಸಿ.

ಇನ್ನೊಂದು ಸಂಗತಿ ಮೊದಲೇ ಗೊತ್ತಿರಬೇಕು. ಜನ ಬರುತ್ತಲೇ ಇಲ್ಲವೋ, ಬಂದು ಸುಮ್ಮನೆ ಹೋಗುತ್ತಿದ್ದಾರೋ? ಗೂಗಲ್ ಸರ್ಚ್ ಕನ್ಸೋಲ್ ಮತ್ತು ಅನಲಿಟಿಕ್ಸ್ ಎರಡೂ ಉಚಿತ. ಮೊದಲನೆಯದು ಗೂಗಲ್ ಹುಡುಕಾಟದಲ್ಲಿ ನೀವು ಎಷ್ಟು ಸಲ ಕಂಡಿರಿ ಎಂದು, ಎರಡನೆಯದು ವೆಬ್‌ಸೈಟಿಗೆ ಎಷ್ಟು ಜನ ಬಂದರು ಎಂದು ತೋರಿಸುತ್ತದೆ. ಎರಡನ್ನೂ ತೆರೆದು ನೋಡಿ. ನಿಮ್ಮ ಕಚೇರಿಯವರೇ ದಿನಾ ತೆರೆದು ನೋಡುವುದೂ ಅನಲಿಟಿಕ್ಸ್ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಕಳೆಯಿರಿ. ಬರುವವರೇ ಇಲ್ಲ ಎಂದಾದರೆ ನೇರ "ಯಾರೂ ಬರುತ್ತಲೇ ಇಲ್ಲ" ಎಂಬ ಭಾಗಕ್ಕೆ ಹೋಗಿ. ಬಂದು ಹೋಗುತ್ತಿದ್ದಾರೆ ಎಂದಾದರೆ ಮುಂದೆ ಓದಿ.

ಫೋನ್ ಗುಂಡಿ, ವಾಟ್ಸಾಪ್, ಫಾರಂ

ನಿಮ್ಮ ವೆಬ್‌ಸೈಟನ್ನು ಎಂದೂ ತೆರೆಯದ ಒಂದು ಫೋನ್ ಇಸಕೊಳ್ಳಿ, ಮನೆಯವರದ್ದಾದರೂ ಸರಿ. ವೈಫೈ ಆರಿಸಿ. ಪುಟ ತೆರೆದು, ಕೊಳ್ಳಲು ಬಂದವರಂತೆ ಸಂಪರ್ಕದ ಪ್ರತಿ ಗುಂಡಿಯನ್ನೂ ಒತ್ತಿ.

ಕರೆ ಗುಂಡಿ ಒತ್ತಿದರೆ ಡಯಲ್ ಪರದೆ ಬರಬೇಕು. ಬರದಿದ್ದರೆ ನಂಬರ್ ಬ್ಯಾನರ್ ಚಿತ್ರದೊಳಗೆ ಅಚ್ಚಾಗಿದೆ, ಇಲ್ಲವೇ ಬರಿಯ ಅಕ್ಷರವಾಗಿ ಬಿದ್ದಿದೆ ಎಂದರ್ಥ. ಬ್ಯಾನರಿನಲ್ಲಿ ನೋಡಿ ನೆನಪಿಟ್ಟುಕೊಂಡು ಹತ್ತು ಅಂಕಿ ಒತ್ತುವ ತಾಳ್ಮೆ ಯಾರಿಗೂ ಇಲ್ಲ. ಗುಂಡಿಯ ಹಿಂದಿರುವ ಕೊಂಡಿಯಲ್ಲಿ (ಲಿಂಕ್) ನಂಬರಿನ ಮುಂದೆ +91 ಇದೆಯೇ ನೋಡಿ. 0821 ಎಂದು ಶುರುವಾಗುವ ಸ್ಥಿರ ದೂರವಾಣಿ ನಂಬರನ್ನು ಹಾಗೇ ಕೊಟ್ಟಿದ್ದರೆ ಹೊರದೇಶದಲ್ಲಿರುವ ನಮ್ಮೂರಿನ ಹುಡುಗರಿಗೆ ಅದು ತಾಗುವುದಿಲ್ಲ. ಮೊದಲ ಸೊನ್ನೆ ತೆಗೆದು +91 821 ಎಂದು ಶುರುವಾಗಬೇಕು. ಊರಲ್ಲಿ ಅಪ್ಪ ಅಮ್ಮನಿಗಾಗಿ ಸೈಟು ನೋಡುವವರು ಅವರೇ ಆಗಿರುತ್ತಾರೆ.

ವಾಟ್ಸಾಪ್ ಕೊಂಡಿಯ ನಿಯಮ ಬೇರೆ. ಅಲ್ಲಿ ಪ್ಲಸ್ ಬೇಡ, ಸೊನ್ನೆ ಬೇಡ, ಜಾಗ ಬಿಡುವುದು ಬೇಡ, ಅಡ್ಡಗೆರೆ ಬೇಡ. 91, ಅದಕ್ಕಂಟಿಕೊಂಡು ಹತ್ತು ಅಂಕಿ, ಅಷ್ಟೇ. ಬಡಾವಣೆಯೊಂದರ ವೆಬ್‌ಸೈಟಿನಲ್ಲಿ ಹಸಿರು ಗುಂಡಿ ಎಲ್ಲ ಪುಟದಲ್ಲೂ ಕಣ್ಣಿಗೆ ಹೊಡೆಯುವಂತಿತ್ತು. ಒತ್ತಿದರೆ ನಂಬರ್ ಸರಿಯಿಲ್ಲ ಎಂದು ವಾಟ್ಸಾಪೇ ಹೇಳುತ್ತಿತ್ತು. ಕೊಂಡಿ ತೆರೆದು ನೋಡಿದರೆ 91 ಆದ ಮೇಲೆ ಒಂದು ಸೊನ್ನೆ. ಕಚೇರಿಯವರ ಫೋನಿನಲ್ಲಿ ಆ ನಂಬರ್ ಮೊದಲೇ ಇದ್ದುದರಿಂದ ಅವರಾರೂ ಆ ಗುಂಡಿ ಒತ್ತಿಯೇ ನೋಡಿರಲಿಲ್ಲ.

ನಂಬರ್ ಸರಿಯಿದ್ದರೆ ಅದು ಯಾರ ಕೈಯಲ್ಲಿದೆ ಎಂದು ಕೇಳಿ. ವೆಬ್‌ಸೈಟ್ ಮಾಡಿಸಿದಾಗ ಇದ್ದ ಸೇಲ್ಸ್ ಹುಡುಗನ ಸ್ವಂತ ನಂಬರ್ ಹಾಕಿ, ಅವನು ಕೆಲಸ ಬಿಟ್ಟು ಬೇರೆ ಲೇಔಟಿಗೆ ಸೇರಿಕೊಂಡಿರುವುದು ಈ ಊರಲ್ಲಿ ಅಪರೂಪವಲ್ಲ. ನೀವು ದುಡ್ಡು ಕೊಟ್ಟು ಕರೆಸಿದ ಗಿರಾಕಿ ನೇರ ಅವನ ಹತ್ತಿರ ಹೋಗುತ್ತಾನೆ. ಸಂಸ್ಥೆಯ ಹೆಸರಿನಲ್ಲೇ ಸಿಮ್ ಇರಲಿ. ಜತೆಗೆ, ಗುಂಡಿ ಒತ್ತಿದಾಗ ಸಂದೇಶದ ಜಾಗದಲ್ಲಿ ಬಡಾವಣೆಯ ಹೆಸರು, ಸೈಟಿನ ನಂಬರ್, ಅಳತೆ ತಾನಾಗಿ ತುಂಬಿಕೊಳ್ಳುವಂತೆ ಮಾಡಿಸಿ. ಬರೀ "ಹಾಯ್" ಬಂದರೆ ಅವರು ಯಾವ ಬಡಾವಣೆ ಕೇಳುತ್ತಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಅವರು ಇನ್ನೊಬ್ಬರ ಜತೆ ಮಾತಾಡುತ್ತಿರುತ್ತಾರೆ.

ಎಲ್ಲಕ್ಕಿಂತ ಮೋಸದ ದೋಷ ಇರುವುದು ಫಾರಂನಲ್ಲಿ. ಹೆಸರು, ನಂಬರ್ ತುಂಬಿ ಕಳುಹಿಸಿದರೆ "ಧನ್ಯವಾದ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಎಂದು ಬರುತ್ತದೆ. ಮೇಲ್ ಬಂದಿರುವುದಿಲ್ಲ. ಧನ್ಯವಾದದ ಪುಟ ಬಹಳ ಕಡೆ ಮೇಲ್ ತಲುಪಿತೋ ಇಲ್ಲವೋ ನೋಡದೆಯೇ ತೋರಿಸಿಬಿಡುತ್ತದೆ. ಕಾರಣ ಸಾಮಾನ್ಯವಾಗಿ ಹೀಗಿರುತ್ತದೆ: ಫಾರಂ ತುಂಬಿದವರ ಜಿಮೇಲ್ ವಿಳಾಸವನ್ನೇ "ಕಳುಹಿಸಿದವರು" ಎಂಬ ಜಾಗದಲ್ಲಿ ಇಟ್ಟು ನಿಮ್ಮ ಸರ್ವರ್ ಮೇಲ್ ಬಿಡುತ್ತದೆ. ಜಿಮೇಲ್ ಹೆಸರಿನಲ್ಲಿ ಜಿಮೇಲ್ ಅಲ್ಲದ ಕಡೆಯಿಂದ ಬಂದ ಮೇಲನ್ನು ಗೂಗಲ್ ಅನುಮಾನದಿಂದ ನೋಡುತ್ತದೆ, ಸ್ಪ್ಯಾಮಿಗೆ ತಳ್ಳುತ್ತದೆ. 2024ರ ಫೆಬ್ರುವರಿಯಿಂದ ಈ ನಿಯಮ ಬಿಗಿಯಾಗಿದೆ. ಜಿಮೇಲಿಗೆ ಮೇಲ್ ಕಳುಹಿಸುವ ಪ್ರತಿ ಡೊಮೇನಿಗೂ (ವೆಬ್ ವಿಳಾಸದ ಹೆಸರು) ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ, ಅಂದರೆ ಮೇಲ್ ನಿಜವಾಗಿ ಆ ಡೊಮೇನಿನದ್ದೇ ಎಂದು ತೋರಿಸುವ ಗುರುತು, ಇರಲೇಬೇಕು. ಪರಿಹಾರ ಸಣ್ಣದು. ಕಳುಹಿಸಿದವರ ಜಾಗದಲ್ಲಿ ನಿಮ್ಮ ಡೊಮೇನಿನ ವಿಳಾಸ, "ಉತ್ತರಿಸಬೇಕಾದ ವಿಳಾಸ"ದ ಜಾಗದಲ್ಲಿ ಗಿರಾಕಿಯ ವಿಳಾಸ ಇಡಬೇಕು. ಎಸ್‌ಪಿಎಫ್, ಡಿಕಿಮ್ ಎರಡನ್ನೂ ಹಾಕಿಸಿ. ಫಾರಂನಲ್ಲಿ ಬಂದದ್ದೆಲ್ಲ ಒಂದು ಶೀಟಿನಲ್ಲೂ ಉಳಿಯುವಂತೆ ಮಾಡಿಸಿದರೆ ಮೇಲ್ ತಪ್ಪಿದರೂ ಹೆಸರು ತಪ್ಪುವುದಿಲ್ಲ. ದೋಷ ಸಿಕ್ಕಿದ ದಿನವೇ ಸ್ಪ್ಯಾಮ್ ಪೆಟ್ಟಿಗೆಯನ್ನು ಪೂರ್ತಿ ಜಾಲಾಡಿ. ಜಿಮೇಲ್ ಅಲ್ಲಿನ ಮೇಲನ್ನು 30 ದಿನಕ್ಕೆ ಅಳಿಸಿಹಾಕುತ್ತದೆ.

ಫಾರಂನಲ್ಲಿ ಎಷ್ಟು ಕೇಳುತ್ತೀರಿ ಎಂಬುದೂ ಮುಖ್ಯ. ಹೆಸರು, ಫೋನ್, ಯಾವ ಅಳತೆ ಬೇಕು, ಇಷ್ಟು ಸಾಕು. ಬೆಲೆ ನೋಡಬೇಕಾದರೆ ಒಟಿಪಿ ಹಾಕಿ ಎನ್ನುವ ವೆಬ್‌ಸೈಟಿನಿಂದ ಜನ ಎದ್ದು ಹೋಗುತ್ತಾರೆ, ಅವರದ್ದು ತಪ್ಪೂ ಅಲ್ಲ. ನಂಬರ್ ಕೊಟ್ಟ ಮೇಲೆ ಯಾರ್ಯಾರೋ ಕರೆ ಮಾಡುವುದು ಎಲ್ಲರಿಗೂ ಗೊತ್ತು.

ಪುಟ ತೆರೆಯುತ್ತದೆಯೇ?

ಕಾಳಿದಾಸ ರಸ್ತೆಯ ಕಚೇರಿಯಲ್ಲಿ ಫೈಬರ್ ನೆಟ್ಟಿನ ಮೇಲೆ ಎಲ್ಲ ಪುಟವೂ ಫಟಾಫಟ್ ತೆರೆಯುತ್ತದೆ. ಬಡಾವಣೆ ಇರುವ ಜಾಗಕ್ಕೇ ಹೋಗಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಸೈಟು ನೋಡಲು ಬಂದವರು ನಿಂತು ತೆರೆಯುವುದು ಅಲ್ಲೇ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ ಮೊಬೈಲ್ ಫಲಿತಾಂಶ ನೋಡಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು, ಗುಂಡಿ ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ.

ಸೋತಿದ್ದರೆ ಮೊದಲು ಮೇಲ್ಭಾಗದ ಸ್ಲೈಡರ್ ನೋಡಿ. ಡ್ರೋನ್ ವಿಡಿಯೋ ತಾನಾಗಿ ಓಡುತ್ತಿರುತ್ತದೆ, ಇಲ್ಲವೇ ಕ್ಯಾಮೆರಾದಿಂದ ಬಂದ ಹಾಗೇ ಏರಿಸಿದ ಐದಾರು ಎಂಬಿ ಚಿತ್ರಗಳು ಸಾಲಾಗಿ ನಿಂತಿರುತ್ತವೆ. ಸ್ಲೈಡರ್ ಕಿತ್ತುಹಾಕಿ ಒಂದೇ ಚಿತ್ರ ಇಡಿ, ಗಾತ್ರ ಕಡಿಮೆಯಾಗುವ ವೆಬ್‌ಪಿ ರೂಪದಲ್ಲಿ, ಫೋನಿಗೆ ತಕ್ಕ ಅಗಲದಲ್ಲಿ. ವಿಡಿಯೋ ಬೇಕೆಂದವರು ಒತ್ತಿ ನೋಡಲಿ. ತಡವಾಗಿ ಇಳಿಸುವ ಸೌಲಭ್ಯವನ್ನು (ಲೇಝಿ ಲೋಡಿಂಗ್) ಕೆಳಗಿನ ಚಿತ್ರಗಳಿಗೆ ಮಾತ್ರ ಹಾಕಿ. ಮೇಲಿನ ಮುಖ್ಯ ಚಿತ್ರಕ್ಕೂ ಹಾಕಿಬಿಟ್ಟರೆ ಪುಟ ಇನ್ನೂ ನಿಧಾನವಾಗುತ್ತದೆ.

ಕನ್ನಡ ಪುಟದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ವಿಚಿತ್ರ ಚಿಹ್ನೆ ಕಲಸಿಕೊಂಡು ಕಾಣುತ್ತಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ. ಪ್ರಿಂಟಿಂಗ್ ಪ್ರೆಸ್ಸಿನವರು ಬ್ರೋಷರಿಗೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯಾರೋ ಹಾಗೇ ತಂದು ಅಂಟಿಸಿದ್ದಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಲ್ಲಿ ಓದಿ ತಿದ್ದಿ. ಸರ್ವೆ ನಂಬರಿನಲ್ಲಿ ಒಂದು ಅಂಕಿ ಬದಲಾದರೆ ಜಮೀನೇ ಬೇರೆಯಾಗುತ್ತದೆ. ಅಕ್ಷರ ಸರಿಯಿದ್ದೂ ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಇಂಗ್ಲಿಷಿಗೆ ಅಳೆದು ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡಕ್ಕೆ ಜಾಗ ಸಾಲುವುದಿಲ್ಲ.

ಓದಿದವರು ನಂಬುತ್ತಾರೆಯೇ?

ಗುಂಡಿಯೂ ಸರಿ, ವೇಗವೂ ಸರಿ, ಆದರೂ ಫೋನ್ ಇಲ್ಲ ಎಂದರೆ ದೋಷ ಇರುವುದು ಪುಟದಲ್ಲಿ ಬರೆದದ್ದರಲ್ಲಿ, ಅಥವಾ ಬರೆಯದೆ ಬಿಟ್ಟದ್ದರಲ್ಲಿ. ನನ್ನ ಅನುಭವದಲ್ಲಿ ಸಮಯ ಕೊಟ್ಟು ಮಾಡಬೇಕಾದ ಕೆಲಸ ಇದೇ, ಎಲ್ಲರೂ ಹಾರಿಸುವುದೂ ಇದನ್ನೇ.

ಕಚೇರಿಯಲ್ಲಿ ಫೋನ್ ಎತ್ತುವವರ ಹತ್ತಿರ ಕೂತು, ಗಿರಾಕಿ ಮೊದಲು ಕೇಳುವ ಪ್ರಶ್ನೆಗಳನ್ನು ಅವರ ಬಾಯಿಂದಲೇ ಬರೆದುಕೊಳ್ಳಿ. "ಮುಡಾ ಅಪ್ರೂವಲ್ ಆಗಿದ್ಯಾ? ಸೈಟು ರಿಲೀಸ್ ಆಗಿದ್ಯಾ? ಇ-ಖಾತೆ ಇದ್ಯಾ? ಬ್ಯಾಂಕ್ ಲೋನ್ ಸಿಗುತ್ತಾ? ಮುಂದಿನ ರಸ್ತೆ ಎಷ್ಟು ಅಡಿ? ನೀರು ಎಲ್ಲಿಂದ? ಪೂರ್ವ ಮುಖದ್ದು ಉಳಿದಿದ್ಯಾ? ಅಡಿಗೆ ಎಷ್ಟು?" ಜನ ಮುಡಾ ಎನ್ನುವುದು ಮೈಸೂರಿನ ಅಭಿವೃದ್ಧಿ ಪ್ರಾಧಿಕಾರವನ್ನು, ರಿಲೀಸ್ ಎಂದರೆ ಅದು ಸೈಟನ್ನು ಮಾರಲು ಬಿಟ್ಟುಕೊಡುವುದು. ಈಗ ಆ ಪಟ್ಟಿ ಕೈಯಲ್ಲಿ ಹಿಡಿದು ನಿಮ್ಮ ಪುಟ ಓದಿ. "ಪ್ರಕೃತಿಯ ಮಡಿಲಲ್ಲಿ ಕನಸಿನ ಮನೆ" ಎಂದು ಇರುತ್ತದೆ, ಇವುಗಳಲ್ಲಿ ಒಂದಕ್ಕೂ ಉತ್ತರ ಇರುವುದಿಲ್ಲ. ಕನಸಿನ ಸಾಲು ತೆಗೆದು ಆ ಉತ್ತರಗಳನ್ನು ಮೇಲೆ ತನ್ನಿ. ರಿಲೀಸ್ ಆಗದ ಸೈಟಿದ್ದರೆ ಆಗಿಲ್ಲ ಎಂದೇ ಬರೆಯಿರಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಪುಟದ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿದ್ದರೆ ಅದೂ ದೋಷವೇ. 2016ರ ರೇರಾ ಕಾಯ್ದೆಯ 11(2)ನೇ ಕಲಂ ಪ್ರಕಾರ ಜಾಹೀರಾತಿನಲ್ಲಿ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು, ಜತೆಗೆ ನೋಂದಣಿ ಸಂಖ್ಯೆಯೂ ಇರಬೇಕು. ನಿಮ್ಮ ವೆಬ್‌ಸೈಟೂ ಜಾಹೀರಾತೇ. 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಣಿಯಾಗುವ ಮುಂಚೆ ಜಾಹೀರಾತು ಮಾಡುವ ಹಾಗೇ ಇಲ್ಲ, "ಶೀಘ್ರದಲ್ಲಿ ಬರಲಿದೆ, ಈಗಲೇ ಬುಕ್ ಮಾಡಿ" ಎಂಬ ಪುಟವೂ ಅದರಲ್ಲಿ ಸೇರುತ್ತದೆ. ಸಂಖ್ಯೆಯನ್ನು ಚಿತ್ರವಾಗಿ ಹಾಕಬೇಡಿ. ಗಿರಾಕಿ ಅದನ್ನು ಕಾಪಿ ಮಾಡಿ ರೇರಾ ವೆಬ್‌ಸೈಟಿನಲ್ಲಿ ಹುಡುಕುವಂತಿರಬೇಕು. ಹುಡುಕಿ ಸಿಕ್ಕಿದವರು ಫೋನ್ ಮಾಡುವಾಗ ಅವರ ದನಿಯೇ ಬೇರೆ ಇರುತ್ತದೆ. ವೆಬ್‌ಸೈಟಿನಲ್ಲೇ ಹಣ ಕಟ್ಟಿಸಿಕೊಳ್ಳುವ ಗುಂಡಿ ಇದ್ದರೆ 13ನೇ ಕಲಮನ್ನೂ ನೆನಪಿಡಿ: ನೋಂದಾಯಿತ ಮಾರಾಟ ಕರಾರು ಆಗುವ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. "ಬೆಲೆಗೆ ಕರೆ ಮಾಡಿ" ಎಂಬುದನ್ನು ತೆಗೆಯಿರಿ. ಚದರಡಿ ದರ ಹಾಕಿ, 30x40ಕ್ಕೆ ಅಂದರೆ 1200 ಚದರಡಿಗೆ ಒಟ್ಟು ಎಷ್ಟಾಗುತ್ತದೆ ಎಂದು ಗುಣಿಸಿಯೂ ತೋರಿಸಿ, ಕಾರ್ನರ್ ಸೈಟಿಗೂ ಪಾರ್ಕ್ ಎದುರಿನದಕ್ಕೂ ಹೆಚ್ಚಿಗೆ ಎಷ್ಟು ಎಂದು ಬೇರೆ ಬರೆಯಿರಿ. ಪಕ್ಕದ ಲೇಔಟಿನವರು ನೋಡಿಬಿಡುತ್ತಾರೆ ಎಂದು ಮಾಲೀಕರು ಹೆದರುತ್ತಾರೆ. ಪಕ್ಕದವರು ಗಿರಾಕಿಯ ಹಾಗೆ ಫೋನ್ ಮಾಡಿ ಎಂದೋ ಕೇಳಿಕೊಂಡಿರುತ್ತಾರೆ. ಬೆಲೆ ಬಚ್ಚಿಟ್ಟರೆ ದೂರವಾಗುವುದು ನಿಜವಾಗಿ ಕೊಳ್ಳುವವರು ಮಾತ್ರ.

ಬಡಾವಣೆಯ ನಕ್ಷೆಯನ್ನು ಫೋನಿನಲ್ಲಿ ತೆರೆದು ನೋಡಿ. ಎಂಜಿನಿಯರ್ ಕೊಟ್ಟ ಡ್ರಾಯಿಂಗ್ ಹಾಗೇ ಪಿಡಿಎಫ್ ಆಗಿರುತ್ತದೆ. ಹಿಗ್ಗಿಸಿದರೆ ಎಲ್ಲಿದ್ದೇವೆ ಗೊತ್ತಾಗುವುದಿಲ್ಲ, ಕುಗ್ಗಿಸಿದರೆ ಸೈಟಿನ ನಂಬರ್ ಓದಲಾಗುವುದಿಲ್ಲ. ನಕ್ಷೆಯನ್ನು ಬ್ಲಾಕು ಬ್ಲಾಕಾಗಿ ಬಿಡಿಸಿ. ಪ್ರತಿ ಬ್ಲಾಕಿನ ಕೆಳಗೆ ಸೈಟ್ ನಂಬರ್, ಅಳತೆ, ದಿಕ್ಕು, ಮುಂದಿನ ರಸ್ತೆಯ ಅಗಲ, ಉಳಿದಿದೆಯೋ ಮಾರಾಟವಾಗಿದೆಯೋ ಎಂಬ ಪಟ್ಟಿ ಕೊಡಿ. ಮೂಲೆ ಸೊಟ್ಟ ಇರುವ ಸೈಟುಗಳಿಗೆ ನಾಲ್ಕೂ ಬದಿಯ ಅಳತೆ ಬರೆಯಿರಿ. ಮಾರಾಟವಾದದ್ದನ್ನು ಅಂದೇ ಗುರುತು ಮಾಡಿ, ಪಟ್ಟಿಯ ಮೇಲೆ ಕೊನೆಯ ಬಾರಿ ತಿದ್ದಿದ ತಾರೀಖು ಹಾಕಿ. ಇಲ್ಲದ ಸೈಟು ತೋರಿಸಿ ಕರೆಸಿಕೊಂಡರು ಎಂದು ಒಬ್ಬರಿಗೆ ಅನ್ನಿಸಿದರೆ ಅವರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆಲ್ಲ ಅದು ಗೊತ್ತಾಗುತ್ತದೆ.

ಚಿತ್ರಗಳಲ್ಲಿ ನಮ್ಮ ಮಣ್ಣಿಲ್ಲದಿದ್ದರೆ ಅದನ್ನು ಯಾರಾದರೂ ಹಿಡಿಯುತ್ತಾರೆ. ಹೊರದೇಶದ ಹುಲ್ಲುಹಾಸು, ಕಂಪ್ಯೂಟರಿನಲ್ಲಿ ಬರೆದ ಕಮಾನು ತೆಗೆಯಿರಿ. ಈಗ ಆಗಿರುವ ಡಾಂಬರು, ಚರಂಡಿ, ವಿದ್ಯುತ್ ಕಂಬ, ಓವರ್‌ಹೆಡ್ ಟ್ಯಾಂಕ್, ಸೈಟಿನ ಮೂಲೆಗೆ ನೆಟ್ಟ ನಂಬರ್ ಕಲ್ಲು, ಇವುಗಳ ಚಿತ್ರ ತೆಗೆದು ತಾರೀಖು ಬರೆದು ಹಾಕಿ. ಇನ್ನೂ ಆಗದ ಪಾರ್ಕನ್ನು ಆಗಿರುವಂತೆ ತೋರಿಸುವುದು ಬರೀ ವಿನ್ಯಾಸದ ತಪ್ಪಲ್ಲ. ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಪರಿಹಾರ ಕೊಡಬೇಕು ಎಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ.

ದೂರದ ಲೆಕ್ಕವೂ ಹೀಗೇ. ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಬಡಾವಣೆಗಳು "ಎಕ್ಸ್‌ಪ್ರೆಸ್‌ವೇಗೆ 2 ನಿಮಿಷ" ಎಂದು ಬರೆಯುತ್ತವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, 118 ಕಿಲೋಮೀಟರಿನ ಆ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಎಲ್ಲೆಂದರಲ್ಲಿ ಹತ್ತಲಾಗುವುದಿಲ್ಲ, ಬೈಕು ಆಟೋಗಳಿಗೆ ಪ್ರವೇಶವೂ ಇಲ್ಲ. ರಸ್ತೆ ಕಣ್ಣಿಗೆ ಕಾಣುವ ದೂರ ಬಿಟ್ಟು, ಹತ್ತುವ ಜಾಗಕ್ಕೆ ಸರ್ವಿಸ್ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ಎಂದು ಓಡಿಸಿ ನೋಡಿ ಬರೆಯಿರಿ.

ದಾಖಲೆ ತೋರಿಸುವವರಿಗೆ ಒಂದು ಎಚ್ಚರಿಕೆ. ಅನ್ಯಕ್ರಾಂತದ ಆದೇಶ, ಅನುಮೋದಿತ ನಕ್ಷೆ ಹಾಕುವುದು ಒಳ್ಳೆಯದು. ಕ್ರಯಪತ್ರ ಹಾಕುವಾಗ ಜಮೀನು ಕೊಟ್ಟ ರೈತರ ಆಧಾರ್, ಪ್ಯಾನ್, ಹೆಬ್ಬೆಟ್ಟಿನ ಗುರುತು, ಫೋಟೋ ಇರುವ ಪುಟಗಳನ್ನು ಮುಚ್ಚದೆ ಹಾಕಬೇಡಿ. ಅಲ್ಲಿ ಅವರ ಬದುಕೇ ಇದೆ.

ನಕ್ಷೆಯ ಗುರುತು ತಪ್ಪಿದ್ದರೆ

ಹೊಸ ಬಡಾವಣೆಗೆ ಮನೆ ನಂಬರಿಲ್ಲ, ಬೀದಿ ಹೆಸರಿಲ್ಲ. ಊರ ಹೆಸರು ಕೊಟ್ಟರೆ ಗೂಗಲ್ ಮ್ಯಾಪ್ ಊರ ನಡುವೆ ಗುರುತು ಹಾಕುತ್ತದೆ, ಗಿರಾಕಿ ಅರಳಿಕಟ್ಟೆ ಹತ್ತಿರ ಕಾರು ನಿಲ್ಲಿಸಿ ವಾಪಸ್ ಹೋಗುತ್ತಾನೆ. ಬಡಾವಣೆಯ ಗೇಟಿನಲ್ಲಿ ನಿಂತು ಅಕ್ಷಾಂಶ ರೇಖಾಂಶ ತೆಗೆದುಕೊಂಡು ಅದನ್ನೇ ಹಾಕಿ. ನಕ್ಷೆಯ ಮೇಲೆ ಮಬ್ಬು ಕವಿದು "ಡೆವಲಪ್‌ಮೆಂಟ್ ಉದ್ದೇಶಕ್ಕೆ ಮಾತ್ರ" ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ಎಪಿಐ ಕೀಲಿಯಲ್ಲೋ (ಗೂಗಲ್ ಮ್ಯಾಪನ್ನು ನಿಮ್ಮ ಪುಟದಲ್ಲಿ ಬಳಸಲು ಕೊಡುವ ಸಂಕೇತ) ಅದರ ಬಿಲ್ಲಿಂಗ್ ಖಾತೆಯಲ್ಲೋ ತೊಂದರೆ ಇದೆ. ಒಂದು ಗುರುತು ತೋರಿಸಲು ಅದರ ಅಗತ್ಯವೇ ಇಲ್ಲ, ಮ್ಯಾಪಿನ "ಎಂಬೆಡ್" ಕೊಂಡಿ ಸಾಕು.

ಯಾರೂ ಬರುತ್ತಲೇ ಇಲ್ಲ

ಗೂಗಲ್‌ನಲ್ಲಿ "ಸೈಟ್" ಎಂಬ ಇಂಗ್ಲಿಷ್ ಪದ, ಕೋಲನ್, ಜಾಗ ಬಿಡದೆ ನಿಮ್ಮ ವಿಳಾಸ ಹಾಕಿ ಹುಡುಕಿ. ಒಂದೂ ಪುಟ ಬರದಿದ್ದರೆ, ನಿಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮಾಡಿದ್ದಾದರೆ ಅದರ ಸೆಟ್ಟಿಂಗಿನ "ರೀಡಿಂಗ್" ಪುಟ ನೋಡಿ. ಸರ್ಚ್ ಎಂಜಿನ್ನುಗಳು ಬರದಂತೆ ತಡೆಯುವ ಒಂದು ಟಿಕ್ ಅಲ್ಲಿದೆ. ಕೆಲಸ ನಡೆಯುವಾಗ ಹಾಕಿ, ಮುಗಿದ ಮೇಲೆ ತೆಗೆಯಲು ಮರೆತಿರುತ್ತಾರೆ. ನಿಮ್ಮದಲ್ಲದ ಜೂಜಿನ, ಔಷಧಿಯ, ಜಪಾನಿ ಭಾಷೆಯ ಪುಟಗಳು ಬಂದರೆ ವೆಬ್‌ಸೈಟಿಗೆ ಯಾರೋ ನುಗ್ಗಿದ್ದಾರೆ. ಪಾಸ್‌ವರ್ಡ್ ಎಲ್ಲ ಬದಲಿಸಿ, ಗೊತ್ತಿಲ್ಲದ ಬಳಕೆದಾರರನ್ನು ತೆಗೆದು, ಶುದ್ಧ ಬ್ಯಾಕಪ್‌ನಿಂದ ಮರಳಿ ನಿಲ್ಲಿಸಿ, ಪ್ಲಗಿನ್‌ಗಳನ್ನು ಹೊಸದು ಮಾಡಿ.

ಪುಟಗಳಿದ್ದೂ ಮೇಲೆ ಬರದಿದ್ದರೆ ನಾಲ್ಕು ಬಡಾವಣೆಗೂ ಒಂದೇ ಪುಟ ಇದೆಯೇ ನೋಡಿ. ಇಲವಾಲದ ಹತ್ತಿರ ಹುಡುಕುವವರಿಗೆ ಇಲವಾಲದ್ದೇ ಪುಟ ಬೇಕು, ಶೀರ್ಷಿಕೆಯಲ್ಲಿ ಊರು, ರಸ್ತೆ, ಅಳತೆ ಇರಬೇಕು. ವಿವರವೆಲ್ಲ ಬ್ರೋಷರ್ ಚಿತ್ರದೊಳಗಿದ್ದರೆ ಗೂಗಲಿಗೆ ಓದಲು ಹೆಚ್ಚೇನೂ ಸಿಗುವುದಿಲ್ಲ, ಅಕ್ಷರವಾಗಿ ಬರೆಯಿರಿ.

ಬ್ರೌಸರ್ "ಸುರಕ್ಷಿತವಲ್ಲ" ಎಂದು ತಡೆದರೆ ಸಾಮಾನ್ಯವಾಗಿ ಎಸ್‌ಎಸ್‌ಎಲ್ (ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರ) ಅವಧಿ ಮುಗಿದಿರುತ್ತದೆ. ಡೊಮೇನ್ ನವೀಕರಿಸಲು ಹೋದಾಗ ಅದು ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದೆ ಎಂದು ತಿಳಿದರೆ ಮಿಕ್ಕ ಕೆಲಸ ಬದಿಗಿಟ್ಟು ಮೊದಲು ಅದನ್ನು ನಿಮ್ಮ ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ.

ಸರಿಪಡಿಸುವಾಗ

ಸಂಪರ್ಕದ ಗುಂಡಿ, ಫಾರಂ, ತಪ್ಪು ನಂಬರ್ ಇವನ್ನೆಲ್ಲ ಒಂದೇ ದಿನ ಸರಿ ಮಾಡಿ. ಬೆಲೆ, ಬರಹ, ಚಿತ್ರಗಳನ್ನು ಒಂದೊಂದಾಗಿ ಬದಲಿಸಿ, ತಾರೀಖು ಬರೆದಿಟ್ಟುಕೊಳ್ಳಿ, ಬಂದ ಪ್ರತಿ ಕರೆಯಲ್ಲೂ "ಎಲ್ಲಿ ನೋಡಿದ್ರಿ?" ಎಂದು ಕೇಳಿ ಅದರ ಪಕ್ಕ ಬರೆಯಿರಿ. ಸಂಪರ್ಕದ ಗುಂಡಿಗಳನ್ನು ಪ್ರತಿ ತಿಂಗಳ ಮೊದಲ ಸೋಮವಾರ ಬೇರೆ ಫೋನಿನಿಂದ ಒತ್ತಿ ನೋಡುವ ಕೆಲಸವನ್ನು ಕಚೇರಿಯಲ್ಲಿ ಒಬ್ಬರ ಹೆಸರಿಗೆ ಹಚ್ಚಿ. ಕರೆ ಬರತೊಡಗಿಯೂ ಸೈಟು ನೋಡಲು ಯಾರೂ ಬರದಿದ್ದರೆ ವೆಬ್‌ಸೈಟ್ ಬಿಟ್ಟು ಕಚೇರಿ ಫೋನಿನ ಮಿಸ್ಡ್ ಕಾಲ್ ಪಟ್ಟಿ ತೆಗೆಯಿರಿ. ಮಧ್ಯಾಹ್ನ ಊಟದ ಹೊತ್ತಿನವು, ಸಂಜೆ ಆರರ ನಂತರದವು, ಭಾನುವಾರದವು ಎಷ್ಟಿವೆ ಎಂದು ಎಣಿಸಿ.